ಟಿಕೆಟಿನ ಬೆನ್ನಿಗೆ ಬರೆದ ಬಾಕಿ

ಡ್ರೈವರ್ ಚಂದಯ್ಯನ ಸಿಟ್ಟು ಎರಡು ಬಗೆಯದು. ಹಿಂದಿನ ಬಸ್ಸಿನವನು ಮುಂದೆ ನುಗ್ಗಿ ತನ್ನ ಟೈಮಿಂಗ್ ತಿಂದರೆ ಬರುವ ಸಿಟ್ಟು ಹಾಲಾಡಿ ದಾಟುವಷ್ಟರಲ್ಲಿ ಇಳಿದುಬಿಡುತ್ತದೆ. ಭೋಜರಾಜನ ಮುಖ ಕಂಡರೆ ಬರುವುದು ಮಾತ್ರ ಮಲಗಿದರೂ ಇಳಿಯುವುದಿಲ್ಲ. 2008ರ ಏಪ್ರಿಲ್ ಹನ್ನೊಂದು, ಶುಕ್ರವಾರ ಮಧ್ಯಾಹ್ನ, ಕುಂದಾಪುರದ ಬಸ್ ಸ್ಟ್ಯಾಂಡಿನಲ್ಲಿ ಅವನು ಬುತ್ತಿಯ ಮುಚ್ಚಳ ತೆಗೆಯುವ ಹೊತ್ತಿಗೆ ಆ ಮುಖವೇ ಬಸ್ಸಿನ ಕಿಟಕಿಯ ಹೊರಗೆ ಬಂದು ನಿಂತಿತು.

“ಹ್ವಾಯ್ ಚಂದಯ್ಯಣ್ಣ, ಕುಸುಮ ಇತ್ತಾ?”

ಚಂದಯ್ಯ ಕಿಟಕಿಗೆ ಬೆನ್ನು ಹಾಕಿ ಅನ್ನ ಕಲಸಿದ.

ಕುಸುಮ ಅಂದರೆ ಕುಸುಮಾವತಿ, ‘ಹಂಸಗಾಮಿನಿ’ ಬಸ್ಸಿನ ಮಾಲಕಿ. ಬೆಳಿಗ್ಗೆ ಏಳು ಹತ್ತಕ್ಕೆ ಕುಂದಾಪುರ ಬಿಟ್ಟು ಅಮಾಸೆಬೈಲಿಗೆ ಹೋಗುವ ಬಸ್ಸು ಅದು. ಆ ಹೆಸರಿಟ್ಟವರು ಬಸ್ಸು ಘಟ್ಟದ ಬುಡದ ಏರು ಹತ್ತುವುದನ್ನು ನೋಡಿರಲಿಕ್ಕಿಲ್ಲ. ಮಾಲಕಿಯೇ ಕಂಡಕ್ಟರು. ಹೆಗಲಿಗೆ ಚರ್ಮದ ಚೀಲ, ಸೆರಗು ಸೊಂಟಕ್ಕೆ, ಸೀಟಿ ಬಾಯಲ್ಲಿ. ಖಾಸಗಿ ಬಸ್ಸಿನಲ್ಲಿ ಹೆಂಗಸು ಸೀಟಿ ಊದುವುದನ್ನು ನೋಡಲೆಂದೇ ಮೊದಲ ವರ್ಷ ಜನ ಹತ್ತುತ್ತಿದ್ದರು. ಟಿಕೆಟ್ ಮಾಡದೆ ಇಳಿಯಲು ನೋಡಿದ ಇಬ್ಬರು ಮೂವರನ್ನು ಅವಳು ಮನೆತನದ ಹೆಸರು ಹಿಡಿದು ಕರೆದ ಮೇಲೆ, ನೋಡುವುದು ನಿಂತು ಟಿಕೆಟ್ ಮಾಡುವುದು ಶುರುವಾಯಿತು.

ಭೋಜರಾಜ ಅವಳ ಗಂಡನಾಗಿದ್ದವನು. ತೊಂಬತ್ತೇಳರಲ್ಲಿ ಇಬ್ಬರೂ ಸೇರಿ ಈ ಹಳೆ ಬಸ್ಸು ಕೊಂಡರು. ಅವನು ಡ್ರೈವರ್, ಅವಳು ಕಂಡಕ್ಟರ್. ನಾಲ್ಕು ವರ್ಷ ಓಡಿತು, ಬಸ್ಸೂ ಸಂಸಾರವೂ. ಒಂದು ದಿನ ಜಗಳವಾಗಿ ಅವನು ಬಟ್ಟೆಚೀಲ ಹಿಡಿದು ಮುಂಬಯಿ ಹೋಟೆಲ್ ಕೆಲಸಕ್ಕೆ ಹೋದವನು, ಕೋರ್ಟಿನ ಕಾಗದಕ್ಕೆ ಸಹಿ ಹಾಕಲಷ್ಟೇ ಬಂದ. ಬ್ಯಾಂಕಿನ ಕಂತು ಅವಳ ತಲೆಗೆ ಬಿತ್ತು. ಆಗ ಲಾರಿ ಓಡಿಸುತ್ತಿದ್ದ ಚಂದಯ್ಯನನ್ನು ಅವಳು ಕರೆದಳು. ಏಳು ವರ್ಷ ಅವಳ ಜೊತೆ ದುಡಿದ ಚಂದಯ್ಯನಿಗೆ, ಇಂಥ ಹೆಂಗಸನ್ನು ಬಿಟ್ಟು ಹೋಗಲು ಒಬ್ಬನಿಗೆ ಹೇಗೆ ಮನಸ್ಸು ಬಂತೆಂಬುದು ಇನ್ನೂ ಅರ್ಥವಾಗಿಲ್ಲ.

ಚಿಲ್ಲರೆಯ ವಿಷಯವೊಂದನ್ನೇ ತೆಗೆದುಕೊಳ್ಳಿ. ಚಿಲ್ಲರೆ ಇಲ್ಲದಾಗ ಕಂಡಕ್ಟರುಗಳು ಕೊಡಬೇಕಾದ ಬಾಕಿಯನ್ನು ಟಿಕೆಟಿನ ಬೆನ್ನಿಗೆ ಬರೆದುಕೊಡುತ್ತಾರೆ. ನೀವು ಮರೆತು ಇಳಿದರೆ ಅವರಿಗೆ ಒಳಗೊಳಗೇ ಖುಷಿ. ಕುಸುಮಾವತಿ ಇಳಿದವರನ್ನು ಕೂಗಿ ಕರೆದು ಕೊಡುತ್ತಿದ್ದಳು. ಆರು ತಿಂಗಳ ಹಿಂದಿನ ಮುದುಡಿದ ಟಿಕೆಟ್ ತಂದ ಮುದುಕಿಗೂ ಎರಡು ರೂಪಾಯಿ ಕೊಟ್ಟು, ಟಿಕೆಟ್ ವಾಪಸ್ ತೆಗೆದುಕೊಂಡು, ಎರಡು ತುಂಡು ಮಾಡಿ ಎಸೆದಿದ್ದಳು. ಕೊಟ್ಟಾಯಿತು, ಮುಗಿಯಿತು ಅನ್ನುವುದಕ್ಕೆ ಅವಳ ರಸೀದಿ ಅದು.

ಕರೆದದ್ದು ಕೇಳಿ ಅವಳು ಬಸ್ಸಿನಿಂದಿಳಿದು ಬಂದಳು. ಭೋಜರಾಜ ಈಗ ಬ್ರಹ್ಮಾವರದಲ್ಲಿ ಮದುವೆ ಅಡುಗೆಯ ಕಂಟ್ರಾಕ್ಟ್ ಮಾಡುತ್ತಿದ್ದ. ಮೀನು ವ್ಯಾಪಾರದ ಬಚ್ಚ ಎಂಬವರ ಮಗಳ ಮದುವೆ ಭಾನುವಾರ. ಅಡುಗೆಗೆಂದು ಕೊಟ್ಟ ಅಡ್ವಾನ್ಸನ್ನು ಇವನು ದಿನಸಿ ಅಂಗಡಿಯ ಹಳೆ ಬಾಕಿಗೆ ಸುರಿದಿದ್ದ. ಅಂಗಡಿಯವನು ಹಳೆಯದನ್ನು ಎಣಿಸಿಕೊಂಡು, ಹೊಸ ಸಾಮಾನು ನಗದಿಗೆ ಮಾತ್ರ ಅಂದುಬಿಟ್ಟಿದ್ದ.

“ನನ್ ಮರ್ಯಾದಿ ಹೋಪ್ದಾರೆ ಹೋಯ್ಲಿ ಕುಸುಮ. ಬಚ್ಚಣ್ಣ ನಾನೂರ್ ಜನಕ್ಕೆ ಕಾಗ್ದ ಕೊಟ್ಟಿದ್ರ್. ಆ ಹೆಣ್ಣಿನ ಮದಿ ದಿನ ಎಲಿ ಖಾಲಿ ಬಿದ್ರೆ ಅವ್ರ್ ಎಂತ ಮಾಡೂದ್? ಇಪ್ಪತ್ ಸಾವ್ರ ಸಾಲ ಕೊಡ್. ಮಂಗ್ಳಾರ ತಂದ್ ಕೊಡ್ತೆ.”

ಚಂದಯ್ಯ ತುತ್ತನ್ನು ಬುತ್ತಿಗೇ ಹಾಕಿದ. ಡ್ರೈವರ್ ಸೀಟಿನ ಕೆಳಗಿನ ಬಿಸ್ಕೆಟ್ ಡಬ್ಬದಲ್ಲಿ ಇಪ್ಪತ್ಮೂರು ಸಾವಿರವಿತ್ತು. ಅದು ಬಸ್ಸಿನ ಮೂರು ತಿಂಗಳ ಟ್ಯಾಕ್ಸು. ಸೋಮವಾರ ರಜೆ, ಕಟ್ಟಲು ಮಂಗಳವಾರ, ಹದಿನೈದನೇ ತಾರೀಕೇ, ಕೊನೆಯ ದಿನ. ಕಟ್ಟದಿದ್ದರೆ ಬಸ್ಸು ರಸ್ತೆಗಿಳಿಯುವ ಹಾಗಿಲ್ಲ. ನಾಲ್ಕು ದಿನ ಇಳಿಯದಿದ್ದರೆ ಏಳು ಹತ್ತರ ಜನರನ್ನು ಬೇರೆ ಬಸ್ಸಿನವರು ತಮ್ಮವರನ್ನಾಗಿ ಮಾಡಿಕೊಂಡುಬಿಡುತ್ತಾರೆ. ಆಮೇಲೆ ಕುಸುಮಾವತಿಯೂ ಇಲ್ಲ, ಚಂದಯ್ಯನೂ ಇಲ್ಲ.

“ಕುಸುಮಕ್ಕ, ಅದ್ ಟ್ಯಾಕ್ಸಿನ ದುಡ್ಡ್,” ಅಂದ ಎಂಜಲು ಕೈಯಲ್ಲೇ.

ಅವಳು ಭೋಜರಾಜನನ್ನೇ ನೋಡುತ್ತಿದ್ದಳು. “ಹೋಳ್ಗಿ ಇತ್ತಾ ಮದಿಗೆ?”

“ಇತ್ತ್.”

“ಡಾಲ್ಡ ಹಾಕ್ಬೇಡ. ತುಪ್ಪ ಹಾಕೇ ಮಾಡ್.”

ಡಬ್ಬ ತೆಗೆದು ಇಪ್ಪತ್ತು ಸಾವಿರ ಎಣಿಸಿದಳು. ಆಮೇಲೆ ಟಿಕೆಟ್ ಕಟ್ಟಿನಿಂದ ಒಂದು ಹರಿದು, ಬೆನ್ನಿಗೆ 20,000 ಎಂದು ಬರೆದು, ಸುತ್ತ ಒಂದು ಸೊನ್ನೆ ಎಳೆದು ದುಡ್ಡಿನ ಜೊತೆ ಅವನ ಕೈಯಲ್ಲಿಟ್ಟಳು. ಅವನು ಅದನ್ನು ಸರಿಯಾಗಿ ನೋಡಲೂ ಇಲ್ಲ. “ಬತ್ತೆ” ಎಂದು ಬ್ರಹ್ಮಾವರದ ಬಸ್ಸಿಗೆ ಓಡಿದ.

“ಎಂತ ಮಾಡಿದ್ರಿ ನೀವ್!” ಚಂದಯ್ಯ ಹಾರಿಬಿದ್ದ. “ಟಿಕೆಟಿನ ಬೆನ್ನಿಗ್ ಬರಿಯೂದ್ ನಾವ್ ಕೊಡ್ಕಾದ್ದ್. ಅಂವ ಕೊಡ್ಕಾದ್ದಲ್ಲ! ನಾಳಿಗ್ ಅದನ್ನೇ ಹಿಡ್ಕಂಡ್ ಬಂದ್ ಇನ್ನೂ ಇಪ್ಪತ್ ಸಾವ್ರ ಕೊಡ್ ಅಂದ್ರೆ?”

“ಬಸ್ ತೆಗಿ ಚಂದಯ್ಯಣ್ಣ. ಎರಡ್ ನಿಮಿಷ ತಡ ಆಯ್ತ್.”

ಗಡಿಬಿಡಿಯಲ್ಲಿ ಕೈ ತಪ್ಪಿದೆ ಅಂದುಕೊಂಡ ಅವನು. ಏಳು ವರ್ಷದಲ್ಲಿ ಅವಳ ಕೈ ತಪ್ಪಿದ್ದನ್ನು ಅವನು ನೋಡಿದ್ದು ಅದೇ ಮೊದಲು, ಅದೂ ಆ ದರಿದ್ರದವನಿಂದ. ಮೂರು ದಿನ ಅವನು ಗೇರಿನ ಮೇಲೆ ಸಿಟ್ಟು ತೀರಿಸಿದ.

ಮಂಗಳವಾರ ಬಂತು. ಹನ್ನೆರಡಾಯಿತು, ಮೂರಾಯಿತು, ಉಡುಪಿಯ ಆರ್‌ಟಿಒ ಕಚೇರಿ ಮುಚ್ಚುವ ಹೊತ್ತೂ ಆಯಿತು. ಭೋಜರಾಜ ಬರಲಿಲ್ಲ.

“ನಾಕ್ ದಿನ ಹೀಂಗೇ ಓಡ್ಸುವ,” ಅಂದ ಚಂದಯ್ಯ. “ಎಲ್ರೂ ಓಡ್ಸುತ್ರ್. ಚೆಕಿಂಗ್ ಬಂದಾಗ ಕಾಂಬ.”

“ಜನ ನನ್ನನ್ನ್ ನಂಬಿ ಹತ್ತೂದ್. ಏನಾರ್ ಆದ್ರೆ ಮೊದ್ಲ್ ಕೇಂಬ್ದೇ ಟ್ಯಾಕ್ಸಿನ ರಸೀದಿ.”

ಅಂದಿನ ಕೊನೆಯ ಟ್ರಿಪ್ಪಿನಲ್ಲಿ ಅವಳು ಪ್ರತಿಯೊಬ್ಬರಿಗೂ ಟಿಕೆಟಿನ ಜೊತೆ ಹೇಳಿದಳು, ನಾಳೆ ಏಳು ಹತ್ತಕ್ಕೆ ಕಾಯಬೇಡಿ, ಆರೂವರೆಯ ಬಸ್ಸು ಹಿಡಿಯಿರಿ ಎಂದು. ತನ್ನ ಜನರನ್ನು ತಾನೇ ಎದುರಾಳಿಯ ಬಸ್ಸಿಗೆ ಹತ್ತಿಸುತ್ತಿದ್ದಳು. ಚಂದಯ್ಯನಿಗೆ ಕನ್ನಡಿಯಲ್ಲಿ ಅವಳನ್ನು ನೋಡಿ ಬೈಯಬೇಕೋ ಕೈಮುಗಿಯಬೇಕೋ ತಿಳಿಯಲಿಲ್ಲ. ಎರಡನ್ನೂ ಮನಸ್ಸಿನಲ್ಲೇ ಮಾಡಿದ.

ಕುಂದಾಪುರಕ್ಕೆ ತಿರುಗಿ ಬಂದು ಬಸ್ಸು ನಿಲ್ಲಿಸಿದರೆ ಅಲ್ಲಿ ಭೋಜರಾಜ. ಅಂಗಿಯ ತುಂಬ ಒಗ್ಗರಣೆಯ ವಾಸನೆ.

“ನಿನ್ನೆ ರಜೆ ಅಲ್ದಾ. ಬಚ್ಚಣ್ಣಂಗೆ ಸೊಸೈಟಿ ದುಡ್ಡ್ ಸಿಕ್ಕಿ, ನಂಗೆ ಅಡ್ಗಿ ಬಾಕಿ ಕೊಟ್ಟದ್ದೇ ಇವತ್ತ್ ಬೈಗಿಗೆ. ತಡ ಆಯ್ತ್ ಕುಸುಮ.” ಅವನು ನೋಟಿನ ಕಟ್ಟನ್ನೂ ಟಿಕೆಟನ್ನೂ ಮುಂದೆ ಹಿಡಿದ. “ಇಪ್ಪತ್ತೂ ಇತ್ತ್. ಎಣ್ಸ್ಕೋ.”

ಅವಳು ಟಿಕೆಟನ್ನು ಮಾತ್ರ ತೆಗೆದುಕೊಂಡಳು. ಎರಡು ತುಂಡು ಮಾಡಿದಳು.

“ಚಿಲ್ರೆ ಕೊಟ್ಟಾಯ್ತ್.”

“ಎಂತ ಚಿಲ್ರೆ?”

“ಈ ಬಸ್ ತೆಗುಕೆ ನೀನ್ ದೋಣಿ ಪಾಲ್ ಮಾರಿ ಹಾಕಿದ್ದ್ ಎಷ್ಟ್?”

“ಇಪ್ಪತ್ ಸಾವ್ರ,” ಅಂದ ಭೋಜರಾಜ. ಚಂದಯ್ಯ ಸ್ಟೇರಿಂಗ್ ಹಿಡಿದೇ ಕೂತಿದ್ದ. ಏಳು ವರ್ಷದಲ್ಲಿ ಈ ಮಾತು ಅವನ ಕಿವಿಗೆ ಬಿದ್ದದ್ದೇ ಇಲ್ಲ.

“ಅದನ್ನ ನಾನ್ ಯಾವತ್ತಾರೂ ಕೇಂಡಿದ್ನಾ?” ಅಂದ ಭೋಜರಾಜ.

“ಕೇಣ್ಲಿಲ್ಲೆ. ಬಿಟ್ಟಿಕ್ ಹೋದ್ದ್ ಬೇರೆ ಲೆಕ್ಕ, ಅದ್ ಟಿಕೆಟಿನ ಬೆನ್ನಿಗ್ ಹಿಡೂದಲ್ಲ. ಆದ್ರೆ ಇಳ್ದ್ ಹೋದವ್ರ್ ಚಿಲ್ರೆ ಇಟ್ಕಂಬ್ದ್ ನಮ್ ಬಸ್ಸಿನ ಕ್ರಮ ಅಲ್ಲ.”

ಚಂದಯ್ಯನಿಗೆ ಈಗ ಲೆಕ್ಕ ಸಿಕ್ಕಿತು. ಆ ಟಿಕೆಟಿನಲ್ಲಿ ತಪ್ಪಿದ್ದು ಅವಳ ಕೈಯಲ್ಲ. ಭೋಜರಾಜ ಸಾಲ ಕೇಳಲು ಬಂದಿದ್ದ, ಅವಳು ಬಾಕಿ ಕೊಟ್ಟಿದ್ದಳು. ಟ್ಯಾಕ್ಸಿನ ದುಡ್ಡು ತೆಗೆದು, ಬಸ್ಸು ನಿಲ್ಲುತ್ತದೆಂದು ಗೊತ್ತಿದ್ದೂ ಕೊಟ್ಟಿದ್ದಳು.

ಭೋಜರಾಜ ಮೆಟ್ಟಿಲು ಹತ್ತಿ, ಖಾಲಿ ಬಸ್ಸಿನ ಮೊದಲ ಸೀಟಿನಲ್ಲಿ ಪ್ರಯಾಣಿಕನ ಹಾಗೆ ಕೂತು, ಆ ಕಟ್ಟನ್ನು ಅವಳತ್ತ ಚಾಚಿದ.

“ಒಂದ್ ಅಮಾಸೆಬೈಲ್. ಚಿಲ್ರೆ ಇಲ್ಲೆ ನನ್ನತ್ರ.”

“ನಾಳೆ ಏಳ್ ಹತ್ತರ ಬಸ್ಸಿಲ್ಲೆ. ಟ್ಯಾಕ್ಸ್ ಕಟ್ಟುಕ್ ಉಡುಪಿಗ್ ಹೋಯ್ಕ್. ದಂಡ ಬೇರೆ ಇತ್ತ್.”

“ಹಾಂಗಾರೆ ನಾಡ್ದಿಗೇ ಕೊಡ್.”

ಕುಸುಮಾವತಿ ಅವನನ್ನು ನೋಡಿದಳು, ಕಟ್ಟನ್ನು ನೋಡಿದಳು. ನಕ್ಕಳೋ ಇಲ್ಲವೋ, ಚಂದಯ್ಯನ ಕನ್ನಡಿಗೆ ಅದು ಕಾಣಲಿಲ್ಲ. ದುಡ್ಡನ್ನು ಚೀಲಕ್ಕೆ ಹಾಕಿ, ಹೊಸ ಟಿಕೆಟ್ ಹರಿದು, ತಿರುಗಿಸಿ, ಕಂಬಿಗೆ ಒತ್ತಿ ಹಿಡಿದು ಬರೆದಳು.

ಅವಳು ಇಳಿದು ಹೋದ ಮೇಲೆ ಚಂದಯ್ಯ ಏಳು ವರ್ಷದಲ್ಲಿ ಮೊದಲ ಸಲ ಭೋಜರಾಜನ ಹತ್ತಿರ ತಾನಾಗಿ ಬಂದು, “ಕಾಂಬ, ಎಷ್ಟ್ ಬರ್ದಿತ್?” ಅಂದ.

ಭೋಜರಾಜ ಟಿಕೆಟ್ ತೋರಿಸಿದ. ಸೊನ್ನೆಯೊಳಗೆ 19,978 ಅಂತಿತ್ತು. ಅಮಾಸೆಬೈಲಿನ ಇಪ್ಪತ್ತೆರಡು ರೂಪಾಯಿಯನ್ನು ಅವಳು ಮುರಿದುಕೊಂಡಿದ್ದಳು.