ಆರನೆಯ ಕುಳಿಯ ಹಲಗೆ

ನಾನು ಒಂದು ಹಲಗೆ. ಗಣಿಯ ಬಡಗಿ ಸುಬ್ಬಾಚಾರಿ ಹಳೆಯ ತೇಗದ ತೊಲೆಯನ್ನು ಸೀಳಿ ನನ್ನನ್ನು ಮಾಡಿ, ನಡುವೆ ಕಬ್ಬಿಣದ ಉದ್ದ ಹಿಡಿ ಕೂರಿಸಿದ. ದೇವರ ಮಣೆಯಾಗುವ ಆಸೆ ನನಗಿತ್ತು. ಆದರೆ ಗಾಲ್ಫ್ ಮೈದಾನಕ್ಕೆ ತಂದು ಆರನೆಯ ಕುಳಿಯ ಬಳಿ ಇಟ್ಟರು.

ನಮ್ಮದು ಗಣಿ ಊರಿನ ಬಡ ಮೈದಾನ. ಹುಲ್ಲು ಬೆಳೆಸಲು ನೀರಿಲ್ಲ. ಆದ್ದರಿಂದ ಪ್ರತಿ ಕುಳಿಯ ಸುತ್ತಲೂ ಗಾಳಿಗೆ ಹಾರದಂತೆ ಕರಿ ಎಣ್ಣೆ ಬೆರೆಸಿದ ಮರಳು ಹಾಸಿದ್ದಾರೆ. ಚೆಂಡನ್ನು ಕುಳಿಗೆ ಸೇರಿಸಿದವರು ಹೋಗುವ ಮುನ್ನ ನನ್ನನ್ನು ಎಳೆದು, ತಮ್ಮ ಹೆಜ್ಜೆಗಳನ್ನು ಅಳಿಸಿ, ಹಿಂದೆ ಬರುವವರಿಗೆ ಮರಳನ್ನು ಸಮ ಮಾಡಿಡಬೇಕು. ಇದು ಇಲ್ಲಿನ ಪದ್ಧತಿ. ಮೊದಲು ಗಣಿಯ ಅಧಿಕಾರಿಗಳು ಆಡುತ್ತಿದ್ದರು. ಅವರ ಆಳುಗಳು ನನ್ನನ್ನು ಎಳೆಯುತ್ತಿದ್ದರು. ಗಣಿ ಮುಚ್ಚಿದ ಮೇಲೆ ಮೈದಾನ ಎಲ್ಲರದಾಯಿತು. ಅಂಚೆಯವರು, ಮೇಷ್ಟರು, ನರ್ಸಮ್ಮಂದಿರು ಬರತೊಡಗಿದರು. ಶುಲ್ಕ ಅಲ್ಪ. ಚೆಂಡು ಹೊಡೆಯುವ ಕೋಲಿಲ್ಲದವರಿಗೆ ಅದೂ ಸಿಗುತ್ತದೆ.

ಪಂಪ್‌ಹೌಸಿನಲ್ಲಿ ದುಡಿದು ನಿವೃತ್ತರಾದ ಪಾಪಯ್ಯನವರು ಪ್ರತಿ ಭಾನುವಾರ ಬರುತ್ತಿದ್ದರು. ಅವರ ಅಂಗೈಯ ಗಡಸು ನನಗೆ ಚೆನ್ನಾಗಿ ಗೊತ್ತಿತ್ತು. ಒಂದು ಭಾನುವಾರ ಬರಲಿಲ್ಲ. ತೀರಿಕೊಂಡರೆಂದು ಆಟಗಾರರ ಮಾತಿನಿಂದ ತಿಳಿಯಿತು.

ತಿಂಗಳು ಕಳೆದ ಮೇಲೆ ಅವರ ಹೆಂಡತಿ ಸರಸಮ್ಮನವರನ್ನು ಕಾವಲುಗಾರ ಮುನಿಸ್ವಾಮಿ ಕರೆತಂದ. ಆಕೆ ಮರಳಿನ ಅಂಚಿನಲ್ಲಿ ಚಪ್ಪಲಿ ಬಿಟ್ಟರು.

“ಹಾಕ್ಕೊಳಮ್ಮ, ಇದೇನು ಗುಡಿಯಲ್ಲ. ಕಾಲು ಕರ್ರಗಾಗ್ತದೆ,” ಎಂದ ಮುನಿಸ್ವಾಮಿ.

“ಆಗ್ಲಿ ಬಿಡಪ್ಪ. ಕರೀ ಚಪ್ಪಲೀಲಿ ಬಂದು ಮನೆ ಹೊಲಸು ಮಾಡ್ತೀರ ಅಂತ ಅವರನ್ನ ಬೈದಿದ್ದೇ ಬೈದಿದ್ದು. ಬಾ ಬಾ ಅಂತ ಕರೀತಿದ್ರು. ದೊಡ್ಡೋರ ಜಾಗ, ಅಟ್ಟಿಬಿಡ್ತಾರೆ ಅಂತ ನಾನೇ ಬರ್ಲಿಲ್ಲ.” ಆಕೆ ಬಗ್ಗಿ ಮರಳನ್ನು ನೋಡಿದರು. “ಅವರ ಹೆಜ್ಜೆ ಒಂದಾದ್ರೂ ಇರ್ತದೇನೋ ಅಂತ ಬಂದೆ.”

ನಾನು ಕುಗ್ಗಿಹೋದೆ. ಅವುಗಳನ್ನು ಅಳಿಸಿದ್ದು ನಾನೇ.

ಮುನಿಸ್ವಾಮಿ ಸುಳ್ಳು ಹೇಳಲಿಲ್ಲ. “ಇಲ್ಲಮ್ಮ. ಇಲ್ಲಿ ಯಾರ ಹೆಜ್ಜೇನೂ ಉಳ್ಯಲ್ಲ. ಪಾಪಯ್ಯಣ್ಣ ಅಂತೂ ತಮ್ಮ ಹೆಜ್ಜೆ ಅಳಿಸಿದ ಮೇಲೆ, ಬೇರೆಯೋರು ಮರ್ತು ಹೋಗಿದ್ದನ್ನೂ ಅಳಿಸ್ತಿದ್ರು. ಮನೇಲಿ ಲೋಟ ಎತ್ತಿಡ್ತಿದ್ರೋ ಇಲ್ವೋ, ಇಲ್ಲಿ ಮಾತ್ರ ಬಲು ಚೊಕ್ಕಟ.”

“ಲೋಟಾನಾ? ಉಂಡ ತಟ್ಟೇನೂ ಎತ್ತಿದೋರಲ್ಲ,” ಎಂದು ಆಕೆ ನಕ್ಕರು. ನಗುತ್ತಲೇ ಅತ್ತರು.

ಅಷ್ಟರಲ್ಲಿ ನಾಲ್ವರು ಆಟಗಾರರು ಬಂದು ದೂರದಲ್ಲೇ ನಿಂತಿದ್ದರು. “ನಿಧಾನಕ್ಕೆ ಅಕ್ಕ, ನಮ್ಮ ಚೆಂಡೇನು ಓಡಿಹೋಗಲ್ಲ,” ಎಂದರು ಒಬ್ಬರು.

ಸರಸಮ್ಮ ಅವರನ್ನು ನೋಡಿದರು. ಮರಳಿನ ಮೇಲೆ ಮೂಡಿದ್ದ ತಮ್ಮ ಬರಿಗಾಲಿನ ಗುರುತುಗಳನ್ನೂ ನೋಡಿದರು. ಕಣ್ಣೊರೆಸಿಕೊಂಡು ನನ್ನ ಹಿಡಿಗೆ ಕೈಹಾಕಿದರು.

“ಇದನ್ನ ಹೆಂಗೆ ಎಳೀಬೇಕಪ್ಪ?”

“ಕುಳಿಯಿಂದ ಶುರು ಮಾಡಿ, ಸುತ್ತುತಾ ಆಚೆ ಬಾಮ್ಮ.”

ಆಕೆ ಪ್ರದಕ್ಷಿಣೆ ಹಾಕುವಂತೆ ಸುತ್ತಿದರು. ನಾನು ಭಾರವೆನಿಸದಂತೆ ಜಾರಿದೆ. ಮರಳು ಬೆಳಗಿನ ಕೆರೆಯಂತೆ ಸಮವಾಯಿತು. “ಬನ್ನಿಪ್ಪ, ಆಡಿ,” ಎಂದು ಆಕೆ ಪಕ್ಕಕ್ಕೆ ಸರಿದರು.

ಈಗ ನನ್ನ ಅಂಚು ಸವೆದಿದೆ. ಹೊಸ ಹಲಗೆ ಬಂದಿದೆ. ನಾನು ಶೆಡ್ಡಿನ ಗೋಡೆಗೆ ಒರಗಿದ್ದೇನೆ. ಸರಸಮ್ಮ ಇಂದಿಗೂ ಭಾನುವಾರ ಬರುತ್ತಾರೆ. ಆಟವನ್ನೂ ಕಲಿತಿದ್ದಾರೆ, ಅಷ್ಟೇನೂ ಚೆನ್ನಾಗಿ ಅಲ್ಲ. ಅಳಿಸುವುದರಲ್ಲೇ ಜೀವ ಸವೆಯಿತೆಂದು ನಾನು ಮರುಗುತ್ತಿದ್ದೆ. ಈಗ ಮರುಗುವುದಿಲ್ಲ. ಭಗವಂತ ನಮ್ಮವರನ್ನು ಕರೆದುಕೊಳ್ಳುವಾಗ ಅವರ ಹೆಜ್ಜೆಗಳನ್ನೂ ಒಯ್ಯುತ್ತಾನೆ. ಅವರು ಮಾಡುತ್ತಿದ್ದ ಕೆಲಸವನ್ನು ಮಾತ್ರ ನಮಗೆ ಬಿಡುತ್ತಾನೆ.