ಉಂಗುರದೊಳಗಿನ ಹೆಸರು

ಉಳಿಯ ತುದಿ, ಅಕ್ಷರವಾಗಿ ಕೆತ್ತಿದ್ದ ರಣಹದ್ದಿನ ಕೊರಳಿಗೆ ತಾಗಿದಾಗ ಜೆದ್‌ಹೋರನ ಕೈ ನಿಂತಿತು. ಅಮುನ್ ಗುಡಿಯ ಗೋಡೆಯಲ್ಲಿ, ಅರಸರ ಹೆಸರಿಗಷ್ಟೇ ಸುತ್ತ ಕೊರೆಯುವ ಉದ್ದನೆಯ ಉಂಗುರದೊಳಗೆ, ಹೋದ ವರ್ಷದ ಅರಸನ ಹೆಸರಿತ್ತು: ಪಶೆರೆನ್‌ಮುತ್, ಮುತ್ ತಾಯಿಯ ಮಗು. ಕೆತ್ತಿದವನು ಜೆದ್‌ಹೋರನೇ. ಈಗ ಅದನ್ನು ಕಿತ್ತು ಹಕೋರ್ ಅರಸನ ಹೆಸರು ಕೂರಿಸಬೇಕಿತ್ತು.

"ಅವನು ಆಳಿದ್ದಕ್ಕಿಂತ ನಮ್ಮ ಕತ್ತೆ ಗಬ್ಬ ಹೊತ್ತಿದ್ದೇ ಜಾಸ್ತಿ," ಎಂದು ಅಟ್ಟಣಿಗೆಯ ಆಚೆ ತುದಿಯಿಂದ ಜೊತೆಗಾರ ಪಾಬೆಸ್ ನಕ್ಕ. "ಆ ಹೆಸರು ಬಾಯಲ್ಲೂ ಬರಬಾರದಂತೆ, ಹೊಸ ಅರಸನ ಅಪ್ಪಣೆ. ನೀನ್ಯಾಕೋ ಹೆಣ ಕಾಯೋನ ಥರ ನಿಂತಿದೀಯ?"

ಮಧ್ಯಾಹ್ನ ಹೆಂಡತಿ ಇರ್ತಿರು ರೊಟ್ಟಿ, ಈರುಳ್ಳಿ ತಂದಳು. ಅವಳಿಗೆ ಓದು ಬಾರದು, ಒಂದು ಹೆಸರನ್ನು ಬಿಟ್ಟು. ನೈಲ್ ನದಿಯಾಚೆ ಮಗನ ಗೋರಿಗಲ್ಲಿನ ಮೇಲೆ ಬೆರಳಾಡಿಸಿ ಕಲಿತದ್ದು ಅದು.

"ನಮ್ಮ ಕೂಸಿನ ಹೆಸರಲ್ವಾ ಇದು?"

"ಅರಸಂದು. ಸುತ್ತ ಉಂಗುರ ಇದೆ ನೋಡು."

"ಹಂಗಾದ್ರೆ ಉಂಗುರ ಕಿತ್ತು ಹಾಕು."

"ಉಂಗುರ ಹೊಸಬರಿಗೆ ಬೇಕಂತೆ. ಒಳಗಿಂದಷ್ಟೇ ತೆಗೀಬೇಕು."

ಅವಳು ಕಲ್ಲುಚೂರುಗಳ ನಡುವೆಯೇ ಕೂತಳು. "ಹೆಸರು ಅಳಿಸಿದ್ರೆ ಸತ್ತೋರು ಇನ್ನೊಂದ್ಸಲ ಸಾಯ್ತಾರೆ ಅಂತ ನೀನೇ ಹೇಳ್ತಿದ್ದೆ."

"ಅದು ಅವರವರ ಕಲ್ಲಿಗೆ ಮಾತ್ರ ಕಣೇ."

"ಯಾರು ಹೇಳಿದ್ರು?"

ಯಾರೂ ಹೇಳಿರಲಿಲ್ಲ.

"ಬೇರೆಯೋರು ಮಾಡ್ಲಿ. ಹೆತ್ತೋನ ಕೈ ಬೇಡ."

"ಇವನ್ಯಾಕೆ ಒಲ್ಲೆ ಅಂದ ಅಂತ ಕೇಳ್ತಾರೆ. ಆಮೇಲೆ ಹೊಳೆ ದಾಟಿ ಕೂಸಿನ ಕಲ್ಲನ್ನೂ ನೋಡ್ತಾರೆ, ಅಲ್ಲೂ ಅಳಿಸ್ತಾರೆ."

ಹೆಸರಿನಲ್ಲಿ, ಬಾಯಿಗೆ ಬೆರಳಿಟ್ಟು ಕೂತ ಮಗುವಿನ ಗುರುತೊಂದಿತ್ತು. ಅದನ್ನು ಕೊನೆಗೆ ಉಳಿಸಿಕೊಂಡಿದ್ದ. ಸಂಜೆಯೊಳಗೆ ಅದೂ ಹೋಯಿತು.

ಅಂದಿನಿಂದ ಇರ್ತಿರು ಕೆಲಸದ ನಡುವೆ ಹೊಸ್ತಿಲ ಕಡೆ ತಿರುಗಿ ನೋಡತೊಡಗಿದಳು. "ಯಾರೋ ಬಂದು, ಕರೀಲಿ ಅಂತ ಕಾದಂಗಾಗ್ತದೆ," ಎಂದಳು. ಜೆದ್‌ಹೋರ್ ಬಾಗಿಲು ಹಾಕಿದ. ಸ್ವಲ್ಪ ಹೊತ್ತಿಗೆ ತಾನೇ ಎದ್ದು ತೆರೆದ.

ಹಬ್ಬದ ದಿನ ಇಬ್ಬರೂ ದೋಣಿ ಹತ್ತಿ ಪಡುವಣ ದಡಕ್ಕೆ ಹೋದರು. ಸತ್ತವರ ಹೆಸರು ಕೂಗಿ ನೀರೆರೆಯಬೇಕು. ಕೂಗದೆ ಎರೆದ ನೀರು ಅವರಿಗೆ ಮುಟ್ಟುವುದಿಲ್ಲ. ಸುತ್ತಲೂ ಜನ ತಮ್ಮವರನ್ನು ಕರೆಯುತ್ತಿದ್ದರು. ಪಕ್ಕದ ಗೋರಿಯ ಬಳಿ ಪಾಬೆಸ್ ತನ್ನ ಅವ್ವನನ್ನು ಕೂಗಿ, ಇವರು ಯಾವ ಹೆಸರು ಕೂಗುತ್ತಾರೋ ಎಂದು ಇತ್ತ ತಿರುಗಿ ನಿಂತ. ಈಗ ಅವನು ನಗುತ್ತಿರಲಿಲ್ಲ.

"ಕರಿ," ಎಂದು ಇರ್ತಿರು ಮಡಕೆ ಬಾಗಿಸಿದಳು. "ನಾನಲ್ಲ, ನೀನು ಕರೀಬೇಕು."

ಜೆದ್‌ಹೋರನ ತುಟಿ ಅಲುಗಿತು. ಸದ್ದು ಬರಲಿಲ್ಲ. ಮರಳಿನ ಮೇಲೆ ಕಪ್ಪಗೆ ಹರಡಿದ ಒದ್ದೆ, ಬಿಸಿಲಿಗೆ ಅಂಚಿನಿಂದ ಒಳಕ್ಕೆ ಸರಿಯತೊಡಗಿತು. ಬರಿದಾದ ಮಡಕೆಯನ್ನು ಅವಳು ಇನ್ನೂ ಬಾಗಿಸಿಯೇ ಹಿಡಿದಿದ್ದಳು.