ಹುಳದಕ್ಕನ ಕುರಿ

ತಂಗಿ ಇನ್ನೊಂದು ಸಲ ಸೋಪು ಹಚ್ಚಿದಳು. ಜೀವ ಹೋದ ಅಕ್ಕನ ಬಲಗೈಯನ್ನು ತನ್ನ ತೊಡೆಯ ಮೇಲಿಟ್ಟುಕೊಂಡು ಬೆರಳ ಸಂದುಗಳನ್ನು ಒದ್ದೆಬಟ್ಟೆಯಿಂದ ತಿಕ್ಕಿದಳು. ಉಗುರಿನ ಅಡಿಗೆ ಕಡ್ಡಿ ಹಾಕಿ ಕೆದಕಿದಳು. ಅಲ್ಲಿ ಏನೂ ಇರಲಿಲ್ಲ. ಆಸ್ಪತ್ರೆಯಲ್ಲಿದ್ದಷ್ಟು ದಿನ ಅಕ್ಕ ಹಾಸಿಗೆಯ ಅಂಚನ್ನು ಬಿಟ್ಟು ಬೇರೇನನ್ನೂ ಮುಟ್ಟಿರಲಿಲ್ಲ. ಆದರೂ ಕೈಯನ್ನು ಮೂಗಿನ ಹತ್ತಿರ ತಂದಾಗ ಆ ವಾಸನೆ ಇನ್ನೂ ಇದೆ ಅನ್ನಿಸಿತು. ಕುರಿಯ ಕರುಳಿನದು, ಹಿಕ್ಕೆಯದು, ಅದರ ಮೇಲೆ ಸುರಿದ ಸ್ಪಿರಿಟ್ಟಿನದು.

“ಸಾಕು ಬಿಡೇ, ಚರ್ಮ ಕಿತ್ತು ಬಂದೀತು,” ಅಂದ ಅಣ್ಣ, ಬಾಗಿಲಲ್ಲಿ ನಿಂತು. “ನೋಡೋಕೆ ಬಂದೋರು ಕೈ ಮೂಸ್ತಾರಾ?”

“ಮೂಸ್ತಾರೆ. ಜನ ನಿಂಗೊತ್ತಿಲ್ಲ.”

ಅವಳ ಮಾತು ಸುಳ್ಳಾಗಿರಲಿಲ್ಲ. ಹೊರಗಿನ ಕೋಣೆಯಲ್ಲಿ ಕುರ್ಚಿಗಳು ತುಂಬಿದ್ದರೂ ಚಹದ ಲೋಟಗಳು ತಟ್ಟೆಯಲ್ಲೇ ಕೆನೆಗಟ್ಟುತ್ತಿದ್ದವು. ಪಕ್ಕದ ಮನೆಯ ದರ್ಜಿ ಒಂದು ಲೋಟವನ್ನು ಎತ್ತಿ, ಬೆಳಕಿಗೆ ಹಿಡಿದು ನೋಡಿ, ಸದ್ದಾಗದಂತೆ ಕೆಳಗಿಟ್ಟ.

“ಹೊಟ್ಟೆ ಸರಿ ಇಲ್ಲ,” ಅಂದ, ಯಾರೂ ಕೇಳದಿದ್ದರೂ.

“ಇಲ್ಲಿ ಕುಡಿದ್ರೆ ಇನ್ನೂ ಸರಿ ಇರಲ್ಲ,” ಅಂದಳು ಅವನ ಹೆಂಡತಿ ಸೆರಗಿನ ಮರೆಯಲ್ಲಿ.

ತಂಗಿಗೆ ಇವರನ್ನು ಕಂಡೂ ಹೇಸಿಗೆಯಾಯಿತು. ಆದರೆ ಅವಳು ಈ ಮನೆಗೆ ಬರುವಾಗಲೆಲ್ಲ ಚೀಲದಲ್ಲಿ ತನ್ನದೇ ಲೋಟ ತರುತ್ತಿದ್ದಳು. ಈ ಸಲವೂ ತಂದಿದ್ದಳು.

ಕುರಿಯ ಹೊಟ್ಟೆಯಲ್ಲಿ ಕಚ್ಚಿಕೊಂಡು ರಕ್ತ ಹೀರುವ ಒಂದು ಹುಳದ ಮೇಲೆ ಅಕ್ಕ ಜೀವಮಾನವಿಡೀ ಕೆಲಸ ಮಾಡಿದ್ದಳು. ಸಂಶೋಧನಾ ಸಂಸ್ಥೆಯಲ್ಲಿ ಅವಳು ಮೇಡಂ, ಬೀದಿಯಲ್ಲಿ ಹುಳದಕ್ಕ. ನಿವೃತ್ತಿಯಾದ ಮೇಲೆ ಹಿತ್ತಲಲ್ಲಿ ದೊಡ್ಡಿ ಕಟ್ಟಿಸಿ, ಅಂಥ ಹುಳುಗಳಿದ್ದ ಒಂದು ಕುರಿಯನ್ನು ತಂದು ಕಟ್ಟಿಕೊಂಡಿದ್ದಳು.

ಸಂಸ್ಥೆಯ ನಿರ್ದೇಶಕರು ದೊಡ್ಡದೊಂದು ಹಾರ ಹಿಡಿಸಿಕೊಂಡು ಬಂದರು. ಹಿತ್ತಲ ಕಡೆಯಿಂದ ಗಾಳಿ ಬೀಸಿದಾಗ ಕರವಸ್ತ್ರ ಮೂಗಿಗೆ ಹೋಯಿತು.

“ಮೇಡಂ ಅಂದ್ರೆ ನಮ್ಮ ಸಂಸ್ಥೆಗೆ ಕಣ್ಣಿದ್ದ ಹಾಗೆ,” ಎಂದರು ಕರವಸ್ತ್ರದೊಳಗಿನಿಂದ.

“ಅದಕ್ಕೇ ಸಂಸ್ಥೇಲಿದ್ದ ಅವಳ ಕುರಿಮನೆ ಮುಚ್ಚಿಸಿದ್ರಾ?” ಅಂದ ಅಣ್ಣ.

“ಪಕ್ಕದಲ್ಲೇ ಅತಿಥಿಗೃಹ ಬಂತಲ್ಲ. ಹೊರಗಿನೋರು ಉಳ್ಕೋತಾರೆ. ವಾಸನೆ...” ಎಂದು ತಡವರಿಸಿದವರು ತಂಗಿಯ ಕಡೆ ತಿರುಗಿದರು. “ಅಮ್ಮಾ, ಹಿಂದೆ ಕಟ್ಟಿರೋ ಆ ಪ್ರಾಣೀನ ಬೇಗ ಸಾಗಹಾಕಿಬಿಡಿ. ನಿಮ್ಮ ಆರೋಗ್ಯದ ದೃಷ್ಟಿಯಿಂದ ಹೇಳ್ತಿದ್ದೀನಿ.”

ಆಮೇಲೆ ಕೈಕಟ್ಟಿ ನಿಂತು, ಜೀವಜಗತ್ತಿನ ಚೆಲುವಿಗೆ ಮನಸೋತ ಒಂದು ಜೀವದ ಬಗ್ಗೆ ಮಾತಾಡಿದರು. ಹುಳ ಎಂಬ ಮಾತು ಅವರ ಬಾಯಿಂದ ಒಮ್ಮೆಯೂ ಬರಲಿಲ್ಲ.

*

ಹಿಂದೊಂದು ಮಧ್ಯಾಹ್ನ, ತಂಗಿಯ ಮನೆಯಲ್ಲಿ, ಊಟಕ್ಕೆ ಕೂತಾಗ ಅಕ್ಕ ಶುರುಮಾಡಿದ್ದಳು.

“ಇಲ್ಲಿ ಕೇಳು. ಹುಲ್ಲಿನ ಮೇಲಿರೋವಾಗ ಆ ಮರಿಹುಳ ಏನೂ ತಿನ್ನಲ್ಲ, ಸುಮ್ನೆ ಕಾಯುತ್ತೆ. ಕುರಿ ಹೊಟ್ಟೆಗೆ ಹೋದ ಕೂಡ್ಲೇ ಬೇರೆಯೇ ಆಗಿಬಿಡುತ್ತೆ. ಹುಳ ಅದೇ, ಜೀನುಗಳೂ ಅವೇ. ಮನೆ ಒಂದೇ ಇದ್ರೂ ಹಗಲೊಂದು ಕೋಣೇಲಿ, ರಾತ್ರಿ ಇನ್ನೊಂದು ಕೋಣೇಲಿ ದೀಪ ಹಾಕ್ತೀವಲ್ಲ, ಹಾಗೆ. ಯಾವ ಜೀನು ಯಾವಾಗ ಎಚ್ಚರ ಆಗುತ್ತೆ, ಯಾವುದು ಮಲಗುತ್ತೆ, ಅದನ್ನ ನೋಡೋದೇ ನನ್ನ ಕೆಲಸ. ಈಗ ಔಷಧಿ ಬಿತ್ತು ಅಂದ್ಕೋ...”

“ಅನ್ನದ ಮುಂದೆ ಬೇಡ ಕಣೇ,” ಅಂದಳು ತಂಗಿ. “ಕೈ ತೊಳ್ಕೊಂಡ್ಯಾ?”

“ತೊಳ್ಕೊಂಡೆ.”

“ಇನ್ನೊಂದ್ಸಲ ತೊಳ್ಕೊ.”

ಅಕ್ಕ ಎದ್ದು ಹೋಗಿ ತೊಳೆದುಕೊಂಡು ಬಂದಳು. ತೊಳೆದೂ ತೊಳೆದೂ ಆ ಕೈಗಳು ಒಡೆದು, ಗೆಣ್ಣುಗಳಲ್ಲಿ ಕೆಂಪು ಗೀರು ಬಿದ್ದಿದ್ದವು. ಔಷಧಿಯ ಮಾತು ಅಲ್ಲಿಗೇ ನಿಂತಿತು. ಮತ್ತೆಂದೂ ತಂಗಿ ಅದನ್ನು ಕೇಳಲಿಲ್ಲ.

*

ಅಕ್ಕನ ಕೈಕೆಳಗೆ ಸಂಶೋಧನೆ ಮಾಡುತ್ತಿದ್ದ ಹುಡುಗಿ ಬಂದಾಗ ನಿರ್ದೇಶಕರು ಹೋಗಿಯಾಗಿತ್ತು. ಹೆಗಲಲ್ಲಿ ಕ್ಯಾನ್ವಾಸಿನ ಚೀಲ, ಕೆದರಿದ ತಲೆ. ಹೆಣದ ಕೋಣೆಗೆ ಬೆನ್ನು ಹಾಕಿ ನೇರ ಅಡುಗೆಮನೆಗೆ ಬಂದಳು.

“ಆಂಟಿ, ದೊಡ್ಡಿ ಬೀಗದಕೈ ಕೊಡ್ತೀರಾ? ಹಿಕ್ಕೆ ಹಿಡೀಬೇಕು.”

“ಮುಖ ನೋಡೋ ಮೊದಲು ಹಿಕ್ಕೆ ಬೇಕಾ ನಿಂಗೆ?”

“ಮುಖ ನೋಡಿದ್ರೆ ಅಳು ಬರುತ್ತೆ. ಆಮೇಲೆ ಕೆಲಸ ಆಗಲ್ಲ.” ಹುಡುಗಿ ನೆಲ ನೋಡುತ್ತ ಹೇಳಿದಳು. “ಹೊಸ ಕುರಿಮರಿ ಒಂದನ್ನ ಗೊತ್ತುಮಾಡಿ ಬಂದಿದ್ದೀನಿ. ಅದಕ್ಕೇ ಊರೂರು ಅಲೆದು ತಡ ಆಯ್ತು. ಈ ಕುರಿ ಮುದಿಯಾಯ್ತು ಆಂಟಿ. ಇದರ ಹಿಕ್ಕೇಲಿ ಹುಳದ ಮೊಟ್ಟೆ ಬೀಳುತ್ತೆ, ಅದನ್ನ ಮರಿಹುಳ ಮಾಡಿ ಹೊಸ ಕುರಿಗೆ ದಾಟಿಸಬೇಕು. ಮೇಡಂ ಹೀಗೇ ಇಷ್ಟು ವರ್ಷ ಒಂದೇ ವಂಶ ಉಳಿಸಿಕೊಂಡು ಬಂದಿದ್ರು.”

ತಂಗಿ ಬೀಗದಕೈ ಕೊಟ್ಟಳು. ಆಮೇಲೆ ಏನೋ ನೆನಪಾಗಿ ಹಿಂದೆಯೇ ಹೋದಳು.

ದೊಡ್ಡಿಯಲ್ಲಿ ಮೂತ್ರದಲ್ಲಿ ನೆನೆದ ಹುಲ್ಲಿನ ಘಾಟು ಗಂಟಲಿಗೆ ಬಡಿಯಿತು. ಕುರಿ ಎದ್ದು ನಿಂತು ಮೇವು ಮೆಲ್ಲುತ್ತಿತ್ತು. ಅದನ್ನು ಕಂಡು ಹುಡುಗಿ ಅಲ್ಲೇ ನಿಂತಳು. ಹತ್ತಿರ ಹೋಗಿ ಅದರ ಗದ್ದದ ಕೆಳಗೆ ಕೈಯಾಡಿಸಿದಳು. ಹೆಬ್ಬೆರಳಿನಿಂದ ಕಣ್ಣಿನ ಕೆಳರೆಪ್ಪೆಯನ್ನು ಎಳೆದು ನೋಡಿದಳು. ಒಳಗಡೆ ಹಸಿ ಮಾಂಸದಂತೆ ಕೆಂಪಗಿತ್ತು.

“ಹುಳದ ಔಷಧಿ ಹಾಕಿದ್ರಾ?”

“ಹಾಕ್ದೆ.” ತಂಗಿ ಮೂಗಿಗೆ ಸೆರಗು ಒತ್ತಿಕೊಂಡೇ ಹೇಳಿದಳು. “ಅವಳು ಆಸ್ಪತ್ರೆ ಸೇರಿದ ದಿನ ಇದರ ಕಣ್ಣು ಸುಣ್ಣದ ಹಾಗಿತ್ತು. ಗದ್ದದಡಿ ನೀರು ತುಂಬಿ ಚೀಲದ ಹಾಗೆ ಜೋಲ್ತಿತ್ತು. ಕುರಿ ಸಾಕಿದ ಮನೆ ನಮ್ಮದು, ನಂಗೆ ಗೊತ್ತಾಗಲ್ವಾ? ಬೇಕೂಂತ ಒಂದು ಮೂಕಪ್ರಾಣೀನ ಹುಳಕ್ಕೆ ತಿನ್ನಿಸ್ತಾರಾ? ಔಷಧಿ ಕೊಡಬೇಡ ಅಂತ ಹೇಳಿದ್ಲು, ನಿಜ. ಯಾಕೆ ಅಂತ ಹೇಳಲಿಲ್ಲ.”

ಕುರಿಯ ಕಡೆ ನೋಡುತ್ತ, “ನಾನೂ ಕೇಳಲಿಲ್ಲ,” ಅಂದಳು.

“ಫ್ರಿಜ್ಜಲ್ಲಿ ಬಾಟ್ಲಿ ಇತ್ತಲ್ಲ? ಮರಿಹುಳ ಇದ್ದಿದ್ದು?”

“ಹಾಲಿನ ಪಕ್ಕದಲ್ಲಿಟ್ಟಿದ್ಲು. ಬಚ್ಚಲಿಗೆ ಸುರಿದೆ.”

ಹುಡುಗಿ ಗೋಡೆಗೆ ಒರಗಿದಳು.

“ಈಗ ಎಲ್ಲಾ ಕಡೆ ಕುರಿಹುಳ ಔಷಧಿಗೆ ಬಗ್ಗಲ್ಲ ಆಂಟಿ. ಕೊಟ್ಟೂ ಕೊಟ್ಟೂ ರೂಢಿ ಆಗಿಬಿಟ್ಟಿದೆ. ಅದು ಹೇಗಾಯ್ತು, ಯಾವ ಜೀನಿಂದ ಆಯ್ತು ಅಂತ ತಿಳೀಬೇಕಾದ್ರೆ ಔಷಧಿಯನ್ನೇ ಕಾಣದ ಹುಳ ಬೇಕು, ಪಕ್ಕಪಕ್ಕ ಇಟ್ಟು ನೋಡೋಕೆ. ನಮ್ಮ ಹತ್ತಿರ ಇದ್ದಿದ್ದು ಇದೊಂದೇ. ಬೇರೆ ಹುಳ ಆಗಿದ್ರೆ ನೀವು ಕೊಟ್ಟ ಔಷಧಿ ಕುಡಿದು ನಗ್ತಿತ್ತು. ಇದಕ್ಕೆ ಒಂದೇ ಗುಟುಕು ಸಾಕು.”

*

ಆಸ್ಪತ್ರೆಯ ಹಾಸಿಗೆಯಲ್ಲಿ ಅಕ್ಕ ಕಣ್ಣು ಬಿಟ್ಟು ಮೊದಲು ಕೇಳಿದ್ದೇ ಅದು.

“ಕುರಿ ಹೇಗಿದೆ?”

“ಗಟ್ಟಿಯಾಗಿದೆ. ಎದ್ದು ಓಡಾಡುತ್ತೆ.”

“ಕಣ್ಣು?”

“ಕೆಂಪಗಾಗಿದೆ. ಬಿಳೀ ಔಷಧಿ ಕುಡಿಸ್ದೆ. ನೀನು ಬೈಕೋ ಬೇಕಾದ್ರೆ.”

ಅಕ್ಕ ಬೈಯಲಿಲ್ಲ. ಮುಖವನ್ನು ಗೋಡೆಯ ಕಡೆ ತಿರುಗಿಸಿಕೊಂಡಳು. ಇನ್ನೇನು ತಂಗಿ ಎದ್ದು ಹೊರಡಬೇಕು ಅನ್ನುವಾಗ, ಗೋಡೆಗೇ ಹೇಳುವಂತೆ ಕೇಳಿದಳು:

“ಔಷಧಿ ಕುಡಿಸಿ ಕೈ ತೊಳ್ಕೊಂಡ್ಯಾ?”

“ಎರಡೆರಡು ಸಲ ತೊಳ್ಕೊಂಡೆ,” ಅಂದಿದ್ದಳು ತಂಗಿ, ಅಕ್ಕನಿಗೆ ಕೊನೆಗಾದರೂ ಬುದ್ಧಿ ಬಂತು ಅಂದುಕೊಂಡು.

*

ಬೀದಿಯಲ್ಲಿ ಶವದ ವ್ಯಾನು ಬಂದು ನಿಂತ ಸದ್ದಾಯಿತು. ಹುಡುಗಿ ಚೀಲದಿಂದ ಪಟ್ಟಿ ಹೊಲಿದ ಬಟ್ಟೆಯ ಚೀಲವೊಂದನ್ನು ತೆಗೆದಳು. ಹಿಕ್ಕೆ ಹಿಡಿಯಲು ಕುರಿಯ ಬಾಲದ ಕೆಳಗೆ ಕಟ್ಟುವಂಥದ್ದು.

“ಇನ್ನೇನಕ್ಕೆ ಅದು?” ಅಂದಳು ತಂಗಿ.

“ಒಂದೋ ಎರಡೋ ಹುಳ ಉಳಿದಿದ್ರೆ? ಉಳಿದಿರಲ್ಲ. ಆದ್ರೂ ನೋಡದೆ ಹೋಗಲಾರೆ.”

ಪಟ್ಟಿ ಸೊಂಟಕ್ಕೆ ತಾಗಿದ್ದೇ ಕುರಿ ಕೊಸರಿಕೊಂಡಿತು. ಇನ್ನೊಮ್ಮೆ ಕಟ್ಟಲು ಹೋದಾಗ ಒದೆಯಿತು. ಅದಕ್ಕೀಗ ಬೇಕಾದಷ್ಟು ಶಕ್ತಿಯಿತ್ತು. ಹುಡುಗಿ ಹುಲ್ಲಿನ ಮೇಲೆ ಬಿದ್ದು, ಎದ್ದು, ಅದರ ಕೊರಳನ್ನು ಎರಡೂ ತೋಳಿನಲ್ಲಿ ಅಮುಕಿ ಹಿಡಿದಳು. ಚೀಲ ಕೆಸರಲ್ಲಿ ಬಿದ್ದಿತ್ತು.

“ನೆಲಕ್ಕೆ ಬಿದ್ದ ಹಿಕ್ಕೆ ಕೆಲಸಕ್ಕೆ ಬರಲ್ಲ,” ಅಂದಳು ಏದುಸಿರು ಬಿಡುತ್ತ. “ನೆಲದ ಹುಳ ಸೇರಿಬಿಡುತ್ತೆ.”

ಅಣ್ಣ ಹಿತ್ತಲ ಬಾಗಿಲಿಗೆ ಬಂದ. “ಎಲ್ಲಿದ್ದೀಯೇ? ಎತ್ತೋ ಹೊತ್ತಾಯ್ತು. ಕೈ ತೊಳ್ಕೊಂಡು ಬಾ.”

ತಂಗಿ ಸೆರಗನ್ನು ಮೂಗಿನಿಂದ ತೆಗೆದು ಸೊಂಟಕ್ಕೆ ಸಿಕ್ಕಿಸಿದಳು. ಬಾಯಿಗೆ ಬಂದ ಹುಳಿನೀರನ್ನು ನುಂಗಿ, ಒದ್ದೆ ಹುಲ್ಲಿನಲ್ಲಿ ಕುರಿಯ ಹಿಂದೆ ಕುಕ್ಕುರುಗಾಲಲ್ಲಿ ಕೂತಳು. ಬೀದಿಯಲ್ಲಿ ವ್ಯಾನು ಹಾರ್ನ್ ಹಾಕಿತು. ಕುರಿ ಕೊಸರುವುದನ್ನು ನಿಲ್ಲಿಸಿ ಬಾಲ ಎತ್ತಿತು.

ತಂಗಿ ಬೊಗಸೆಯೊಡ್ಡಿದಳು. ದುಂಡಗಿನ ಹಿಕ್ಕೆಗಳು ಒಂದೊಂದಾಗಿ, ಬಿಸಿಬಿಸಿಯಾಗಿ, ಅಂಗೈಗೆ ಉದುರಿದವು.